ಎಲ್‌ಡಿ ಮಷಿನ್‌ನಲ್ಲೇ ಎಲ್‌ಎಲ್‌ಡಿ ಓಡಿಸಿದ್ದು

ಪ್ಲಾಸ್ಟಿಕ್ ಕರಗಿಸಿ, ಉಂಗುರದಂಥ ಡೈಯಿಂದ ಹೊರತಳ್ಳಿ, ಗಾಳಿ ಊದಿ ಕೊಳವೆಯಂಥ ಬಬಲ್ ಮಾಡಿ ಫಿಲ್ಮ್ ತೆಗೆಯುವ ಮಷಿನ್ ಇದು. ಎಲ್‌ಡಿಗೆ (ಲೋ ಡೆನ್ಸಿಟಿ ಪಾಲಿಥೀನ್) ಮಾಡಿದ ಮಷಿನ್‌ಗೆ ಮುಕ್ಕಾಲು ಪಾಲು ಎಲ್‌ಎಲ್‌ಡಿ (ಲೀನಿಯರ್ ಲೋ ಡೆನ್ಸಿಟಿ) ಹಾಕಿದರೆ ಬಬಲ್ ನಿಲ್ಲುವುದಿಲ್ಲ ಎಂದೇ ಎಲ್ಲರೂ ಹೇಳಿದ್ದು. ಈಗ 75:25ರಲ್ಲಿ ಅಲುಗಾಡದೆ ನಿಂತಿದೆ. 60 ಸೆಂ.ಮೀ. ಅಗಲ, ಒಂದು ಮೀಟರ್ ಉದ್ದದ ಲೈನರ್ (ಒಳಚೀಲ), ಎಲ್‌ಎಲ್‌ಡಿ ಗಟ್ಟಿಯಾದ್ದರಿಂದ, 50 ಮೈಕ್ರಾನ್ ದಪ್ಪದಿಂದ 38ಕ್ಕೆ ಇಳಿಯಿತು. 55 ಗ್ರಾಂ ಇದ್ದದ್ದು 42. ದಾಣಾ (ಪ್ಲಾಸ್ಟಿಕ್ ಕಾಳು) ಕೆಜಿಗೆ ನೂರು ರೂಪಾಯಿ ಹಿಡಿದರೂ ಸಾವಿರ ಲೈನರ್‌ಗೆ 1,300 ರೂಪಾಯಿ ಉಳಿಯಿತು.

ಎಲ್‌ಡಿಯ ಅಣುಸರಪಳಿಗಳಿಗೆ ಉದ್ದ ಕೊಂಬೆಗಳು. ಕರಗಿದಾಗಲೂ ಒಂದಕ್ಕೊಂದು ತೊಡರಿಕೊಂಡು, ಎಳೆದಷ್ಟೂ ಬಿಗಿಯಾಗುತ್ತವೆ. ಬ್ಯೂಟೀನ್ ಸೇರಿಸಿ ಮಾಡಿದ ಎಲ್‌ಎಲ್‌ಡಿಯ ಕೊಂಬೆ ಎರಡೇ ಕಾರ್ಬನ್‌ನದು; ಎಳೆದರೆ ಸರಪಳಿಗಳು ಜಾರಿ ಬಬಲ್ ತೊನೆಯುತ್ತದೆ. ಡೈಯೊಳಗೆ ಮಾತ್ರ ಅದು ಎಲ್‌ಡಿಯಷ್ಟು ಸಡಿಲವಾಗುವುದಿಲ್ಲ. ಮೋಟಾರ್ ಆಂಪ್ಸ್ ಏರುತ್ತದೆ, ಫಿಲ್ಮ್ ಮೇಲೆ ಶಾರ್ಕ್‌ಸ್ಕಿನ್ (ಒರಟು ಮೈ) ಬರುತ್ತದೆ. ಮಾಲು ಹೊರಬರುವ ಡೈ ಸಂದಿಯನ್ನು 0.8 ಮಿ.ಮೀ. ಗ್ಯಾಪ್‌ನಲ್ಲೇ ಇಟ್ಟು ಹಟ ಹಿಡಿದು ಓಡಿಸಿ ಸುಮಾರು 200 ಕೆಜಿ ಮಾಲು ಗ್ರೈಂಡರ್‌ಗೆ ಹೋಯಿತು.

ದಾರಿ ಸಿಕ್ಕಿದ್ದು ಮ್ಯಾಂಡ್ರೆಲ್ (ಡೈಯ ನಡುವಿನ ಭಾಗ) ತುದಿಯನ್ನು ಲೇತ್‌ನಲ್ಲಿ ತೆಗೆಸಿ ಗ್ಯಾಪ್ 1.6 ಮಾಡಿದ ಮೇಲೆ. ಪಾಲಿಶ್ ಚೆನ್ನಾಗಿರಲೇಬೇಕು, ಗೀರು ಉಳಿದರೆ ಫಿಲ್ಮ್ ಮೇಲೆ ಉದ್ದ ಗೆರೆ (ಡೈ ಲೈನ್) ಗ್ಯಾರಂಟಿ. ಬ್ಯಾರಲ್ 175ರಿಂದ 200, ಡೈ 200 ಡಿಗ್ರಿ. ಡೈ ವ್ಯಾಸ 160 ಮಿ.ಮೀ., ಬ್ಲೋ ರೇಶಿಯೊ (ಡೈಗಿಂತ ಬಬಲ್ ಎಷ್ಟು ಪಟ್ಟು ಅಗಲ) 2.4, ಫ್ರಾಸ್ಟ್ ಲೈನ್ (ಬಬಲ್ ಗಟ್ಟಿಯಾಗುವ ಗೆರೆ) ಸುಮಾರು 40 ಸೆಂ.ಮೀ. ಎತ್ತರಕ್ಕೆ. ಡೈಯೊಳಗೆ ಮಾಲು ಜಾರಲು ಹಾಕುವ ಪಿಪಿಎ (ಪಾಲಿಮರ್ ಪ್ರೊಸೆಸಿಂಗ್ ಏಡ್) ಮಾಸ್ಟರ್‌ಬ್ಯಾಚ್ ಮೊದಲ ಒಂದು ಗಂಟೆ 4%, ಆಮೇಲೆ 2%. ಅದು ಡೈ ಗೋಡೆಗೆ ಹಿಡಿಯುವವರೆಗೆ ಆ್ಯಂಟಿಬ್ಲಾಕ್ (ಫಿಲ್ಮ್ ಒಂದಕ್ಕೊಂದು ಅಂಟದಂತೆ ಹಾಕುವುದು) ಹಾಕಬೇಡಿ, ಅದರ ಟಾಲ್ಕ್ ಪುಡಿ ಪಿಪಿಎಯನ್ನು ಉಜ್ಜಿ ತೆಗೆದುಬಿಡುತ್ತದೆ. ಬಬಲ್‌ಗೆ ತಂಪು ಗಾಳಿ ಊದುವ ಏರ್ ರಿಂಗ್ ತುಟಿಯ ಸೆಟ್ಟಿಂಗ್ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಬಹಳ ದಿನದ ದುಡಿಮೆ.

ಎಲ್‌ಡಿ 40%ಗೆ ಏರಿಸಿದಾಗ ಬಬಲ್ ಕಂಬದ ಹಾಗೆ ನಿಂತಿತು, ಆದರೆ ಲೈನರ್‌ನ ಅಂಚಿಗೆ ಸಣ್ಣ ಕಚ್ಚು ಹಾಕಿ ಎಳೆದರೆ ಬಾಳೆ ಎಲೆಯಂತೆ ಉದ್ದಕ್ಕೆ ಸೀಳಿತು. ಉದ್ದ ಕೊಂಬೆಯ ಅಣುಗಳು ಎಳೆತದ ದಿಕ್ಕಿಗೇ ಸಾಲುಗಟ್ಟಿದರೆ ಹೀಗೇ. ಎಲ್‌ಎಲ್‌ಡಿಯ ಗಟ್ಟಿತನ ಬರುವುದು ಒಂದೇ ಸರಪಳಿ ಪಕ್ಕಪಕ್ಕದ ಸ್ಫಟಿಕಗಳನ್ನು ಹೆಣೆಯುವುದರಿಂದ. 10% ಎಚ್‌ಎಂ (ಹೈ ಡೆನ್ಸಿಟಿ ಪಾಲಿಥೀನ್‌ನ ಒಂದು ಬಗೆ) ಸೇರಿಸಿಯೂ ನೋಡಿದೆ: ಸೆಟೆದುಕೊಂಡು ಗರಗರ ಸದ್ದು, ಮೇಲೆ ಮಬ್ಬು. ಲೈನರ್‌ಗೆ ಬೇಡ, ಬಿಟ್ಟೆ. ಬ್ಯೂಟೀನ್ ಬದಲು ಹೆಕ್ಸೀನ್ ಇರುವ ಎಲ್‌ಎಲ್‌ಡಿ ಗ್ರೇಡ್‌ನಲ್ಲಿ ಕೊಂಬೆ ನಾಲ್ಕು ಕಾರ್ಬನ್, ಸೀಳುವಿಕೆಗೆ ಇನ್ನೂ ಚೆನ್ನಾಗಿ ತಡೆಯುತ್ತದೆ. ದರ ಜಾಸ್ತಿ, ಈ ಮಾಲಿಗೆ ಗಿಟ್ಟುವುದಿಲ್ಲ.

ಸೀಲಿಂಗ್ ಬಾರ್ 10–15 ಡಿಗ್ರಿ ಏರಿಸಬೇಕಾಯಿತು. ಕಟಿಂಗ್ ಬ್ಲೇಡ್ ಮೊಂಡಾದರೆ ಎಲ್‌ಎಲ್‌ಡಿ ಕತ್ತರಿಸುವುದೇ ಇಲ್ಲ, ಬಾಲದ ಹಾಗೆ ಹಿಗ್ಗುತ್ತದೆ. ಶಿಫ್ಟ್‌ಗೊಂದು ಬ್ಲೇಡ್ ಬದಲಿಸುತ್ತಿದ್ದೇನೆ.