ಕುನೊಬೆಲಿನ್ ಸ್ಟೇಟರ್‌ನಲ್ಲಿ ತಿದ್ದಿದ ಅಕ್ಷರ ಹಿಡಿದದ್ದು: ನನ್ನ ಅನುಭವ

"ಅದು ಡಬಲ್ ಸ್ಟ್ರೈಕ್ ಅಷ್ಟೇ ಸಾರ್" ಎಂದು ನಾಣ್ಯದ ವಿಚಿತ್ರ ಅಕ್ಷರ ತೋರಿಸಿ ಮಾರಿದವರೇ ಹೇಳಿದ್ದರು, ಅಂದರೆ ಒಂದೇ ನಾಣ್ಯಕ್ಕೆ ಎರಡು ಸಲ ಏಟು ಬಿದ್ದದ್ದು. ಅದಕ್ಕೇ ಸುಮಾರು ಎರಡು ಸಾವಿರ ವರ್ಷದ ಹಿಂದೆ ಬ್ರಿಟನ್ನಿನಲ್ಲಿ ಆಳಿದ ಕುನೊಬೆಲಿನ್ ರಾಜನ ಸ್ಟೇಟರ್ ಎಂಬ ಚಿನ್ನದ ನಾಣ್ಯ ನನಗೆ ಹೆಚ್ಚುಕಡಿಮೆ 900 ಪೌಂಡಿಗೆ ಸಿಕ್ಕಿತು. ಮುಂಬದಿಯ ತೆನೆಯ ಎಡಕ್ಕೆ ಸಿ-ಎ, ಬಲಕ್ಕೆ ಎಂ-ವಿ (ಊರ ಹೆಸರಿನ ಮೊದಲ ಅಕ್ಷರಗಳು) ಇರುವ ಕಮುಲೊಡುನಮ್ ನಾಣ್ಯ, ಅಂದರೆ ಇಂಗ್ಲೆಂಡಿನ ಈಗಿನ ಕಾಲ್ಚೆಸ್ಟರ್‌ನದು. ತೂಕ 5.4 ಗ್ರಾಂ ಆಸುಪಾಸು. ನನ್ನದರಲ್ಲಿ 'ಸಿ' ಬಾಯಿ ಮುಚ್ಚಿಕೊಂಡು 'ಓ' ಥರ ಕಾಣುತ್ತಿತ್ತು. ಡೈ, ಅಂದರೆ ನಾಣ್ಯ ಹೊಡೆಯುವ ಮುದ್ರೆ, ಕೆತ್ತಿದವನು ಮೊದಲು 'ಸಿ'ಯನ್ನು ಉಲ್ಟಾ ಕೆತ್ತಿ, ಆಮೇಲೆ ತಿದ್ದಿದ್ದಾನೆ ಎಂದೆ. ಗೆಳೆಯರು ಯಾರೂ ಒಪ್ಪಲಿಲ್ಲ.

ಡೈ ಮೇಲೆ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಕೆತ್ತಬೇಕಲ್ವಾ? ಎ, ಎಂ, ವಿ ಮೂರೂ ತಿರುಗಿಸಿದರೂ ಹಾಗೇ ಇರುತ್ತವೆ. ಕೈ ತಪ್ಪಿದರೆ ಈ ಬದಿಯಲ್ಲಿ ಗೊತ್ತಾಗುವುದು 'ಸಿ'ಯಲ್ಲಿ ಮಾತ್ರ.

ತಿದ್ದಿದ ಗುರುತು ಹುಡುಕಲು ಮ್ಯಾಕ್ರೋ ಲೆನ್ಸ್‌ಗೆ ಸುಮಾರು 300 ಪೌಂಡ್ ಸುರಿದೆ. ಚಿನ್ನದ ಹೊಳಪಿನಲ್ಲಿ ಗೆರೆಯೇ ಕಾಣಲಿಲ್ಲ. ಸ್ಕ್ಯಾನರ್ ಎಲ್ಲವನ್ನೂ ಚಪ್ಪಟೆ ಮಾಡಿತು. ಜೇಡಿಮಣ್ಣಿನ ಅಚ್ಚು ಒಣಗಿ ಕುಗ್ಗಿತು. ಕೊನೆಗೆ ಕೈಹಿಡಿದದ್ದು ಹಲ್ಲಿನ ಡಾಕ್ಟರು ಬಳಸುವ ಸಿಲಿಕೋನ್, 25 ಪೌಂಡಿನದು. ನಾಣ್ಯ ಒತ್ತಿ ತೆಗೆದರೆ ಡೈಯ ಮುಖವೇ ಕಣ್ಣಮುಂದೆ. ಅದರ ಮೇಲೆ ಒಂದು ಪುಡಿ ಸವರುತ್ತೇನೆ. ಯಾವ ಪುಡಿ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬೆಳಕು ಒಂದೇ ಕಡೆಯಿಂದ, ತೀರಾ ಕೆಳಗಿನಿಂದ.

ಬಾಯಿ ಮುಚ್ಚಿದ ಕಮಾನು ಅಚ್ಚಿನಲ್ಲಿ ತಗ್ಗಾಗಿ ಬಂದಿತ್ತು. ಅಂದರೆ ನಾಣ್ಯದ ಮೇಲೆ ಅದು ಉಬ್ಬು. ಯಾರೋ ಗೀಚಿದ್ದಾಗಿದ್ದರೆ ಇದು ಉಲ್ಟಾ ಇರುತ್ತಿತ್ತು. ಕಮಾನಿನ ಎರಡೂ ತುದಿಯನ್ನು ಸರಿಯಾದ 'ಸಿ'ಯ ಆಳದ ಗೆರೆ ಕತ್ತರಿಸಿಕೊಂಡು ಹೋಗಿತ್ತು. ಡಬಲ್ ಸ್ಟ್ರೈಕ್ ಆಗಿದ್ದರೆ ಪಕ್ಕದ ತೆನೆಯ ಕಾಳೂ ಎರಡೆರಡಾಗಿ ಕಾಣಬೇಕಿತ್ತು. ಒಂದೊಂದು ಕಾಳೂ ಸ್ವಚ್ಛ. ಅದೂ ಅಲ್ಲದೆ, ಎರಡನೇ ಏಟು ಅಕ್ಷರವನ್ನು ಸರಿಸಬಹುದೇ ಹೊರತು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡುವುದಿಲ್ಲ.

ಸುಮ್ನೆ ಇರಲಾಗದೆ ಹಿತ್ತಾಳೆ ತುಂಡಿನ ಮೇಲೆ ನಾನೇ 'ಸಿ' ಕೆತ್ತಿ, ಉಜ್ಜಿ, ತಿದ್ದಿ, ತವರಕ್ಕೆ ಹೊಡೆದು ನೋಡಿದೆ. ಹಳೇ ಗೆರೆ ಪೂರ್ತಿ ಹೋಗುವುದೇ ಇಲ್ಲ. ಜಾಸ್ತಿ ಉಜ್ಜಿದರೆ ಆ ಜಾಗವೇ ಕುಳಿಬಿದ್ದು ತವರದಲ್ಲಿ ಸಣ್ಣ ದಿಬ್ಬ ಏಳುತ್ತದೆ. ಸ್ಟೇಟರ್‌ನಲ್ಲೂ 'ಸಿ' ಸುತ್ತ ಅಂಥದ್ದೇ ದಿಬ್ಬ ಇದೆ! ಇದನ್ನು ಯಾರೂ ಗಮನಿಸಿರಲಿಲ್ಲ.

ಅದೇ ಡೈಯಿಂದ ಹೊಡೆದ ಇನ್ನೊಂದು ನಾಣ್ಯಕ್ಕಾಗಿ ಆಕ್ಸ್‌ಫರ್ಡಿನ ಸೆಲ್ಟಿಕ್ ಕಾಯಿನ್ ಇಂಡೆಕ್ಸ್ ಎಂಬ ಹಳೇ ಬ್ರಿಟಿಷ್ ನಾಣ್ಯಗಳ ದಾಖಲೆಯ ಚಿತ್ರಗಳನ್ನೂ ಹಳೇ ಹರಾಜು ಕ್ಯಾಟಲಾಗ್‌ಗಳನ್ನೂ ತಿಂಗಳುಗಟ್ಟಲೆ ಜಾಲಾಡಿದೆ. ಕೊನೆಗೆ ಒಂದು ಸಿಕ್ಕಿತು. ಅದೇ ಕಮಾನು, ಅದೇ ಜಾಗ. ಗೆಳೆಯರು ಅದನ್ನು ನೋಡಿದ ಮೇಲೆ ಒಪ್ಪಿದರು. ಮಾರಿದವರು ಈಗ ದುಪ್ಪಟ್ಟು ಕೊಡುತ್ತೇನೆ ಅನ್ನುತ್ತಿದ್ದಾರೆ. ಕೊಡುವ ಮನಸ್ಸಿಲ್ಲ. ಹಿಂಬದಿಯಲ್ಲಿ ಕುದುರೆಯ ಕೆಳಗಿರುವ 'ಎನ್' ಇನ್ನೂ ನೋಡುವುದಿದೆ. ಎಡಬಲ ತಿರುಗಿಸಿದರೆ ಗೊತ್ತಾಗುವ ಅಕ್ಷರ ಅದೂ.