ಕ್ಲಚ್ ಗಟ್ಟಿಯಾಗಿದ್ರೆ ಎಂಜಿನ್ ಎತ್ತೋಕೆ ಮೊದಲು

ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನನ್ನ ಹಳೆಯ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಕ್ಲಚ್ ತುಳಿದು ತುಳಿದು ಎಡಗಾಲು ಬಿದ್ದುಹೋಗಿತ್ತು. ಮೆಕ್ಯಾನಿಕ್ ನೋಡಿದ ತಕ್ಷಣ 'ಪ್ರೆಶರ್ ಪ್ಲೇಟ್ ಹೋಗಿದೆ' ಅಂದರು, ಅಂದರೆ ಕ್ಲಚ್ ಡಿಸ್ಕನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ತಟ್ಟೆ. ಈ ಕಾರಿನಲ್ಲಿ ಅದನ್ನು ಬದಲಿಸೋಕೆ ಎಂಜಿನ್ನನ್ನೇ ಎತ್ತಬೇಕು, ಅದಕ್ಕೇ ಸುಮ್ನೆ ಒಪ್ಪಲಿಲ್ಲ.

ಮೊದಲು ಹೀಗೆ ಪರೀಕ್ಷಿಸಿ. ಎಂಜಿನ್ ಆಫ್ ಮಾಡಿ, ಪೆಡಲ್ ಮತ್ತು ಮಾಸ್ಟರ್ ಸಿಲಿಂಡರ್ (ತುಳಿದಾಗ ಫ್ಲೂಯಿಡನ್ನು ಹೋಸ್ ಮೂಲಕ ತಳ್ಳುವ ಪಂಪ್) ನಡುವಿನ ಪಿನ್ ತೆಗೆಯಿರಿ. ಪೆಡಲನ್ನು ಕೈಯಲ್ಲೇ ಒತ್ತಿ. ಆಗಲೂ ಬಿಗಿ ಇದ್ದರೆ ಪೆಡಲ್ ತಿರುಗುವ ಜಾಗದ ಬುಷ್ ಒಣಗಿದೆ, ಗ್ರೀಸ್ ಸಾಕು. ಸಲೀಸಾಗಿದ್ದರೆ ಪಿನ್ ಹಾಕಿ, ಸ್ಲೇವ್ ಸಿಲಿಂಡರಿನ (ಆ ಫ್ಲೂಯಿಡ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಬ್ಲೀಡ್ ನಿಪ್ಪಲ್‌ಗೆ, ಅಂದರೆ ಫ್ಲೂಯಿಡ್ ಹೊರಬಿಡುವ ಸ್ಕ್ರೂಗೆ, ಟ್ಯೂಬ್ ಸಿಕ್ಕಿಸಿ, ನಿಪ್ಪಲ್ ಸಡಿಲಿಸಿ, ಮೆಲ್ಲಗೆ ಪೆಡಲ್ ತುಳಿಯಿರಿ. ಪೆಡಲ್ ಬಿಡುವ ಮೊದಲು ನಿಪ್ಪಲ್ ಮುಚ್ಚಿ, ಇಲ್ಲದಿದ್ದರೆ ಗಾಳಿ ಸೇರುತ್ತದೆ. ಈಗ ಹಗುರವಾದರೆ ತೊಂದರೆ ಸ್ಲೇವ್, ಫೋರ್ಕ್ (ಸ್ಲೇವ್ ತಳ್ಳುವ ಕ್ಲಚ್ ಲಿವರ್) ಅಥವಾ ಪ್ಲೇಟ್ ಕಡೆ. ಇನ್ನೂ ಗಟ್ಟಿಯಾ? ಮಾಸ್ಟರ್ ಸಿಲಿಂಡರ್ ಅಥವಾ ರಬ್ಬರ್ ಹೋಸ್.

ನನ್ನದರಲ್ಲಿ ಹೋಸೇ. ಹೊರಗೆ ಚೆನ್ನಾಗಿತ್ತು, ಒಳಗೆ ಊದಿಕೊಂಡು ದಾರಿ ಮುಚ್ಚಿತ್ತು. ಪೆಡಲ್ ನಿಧಾನವಾಗಿ ಮೇಲೆ ಬರುತ್ತಿದ್ದದ್ದೇ ಸುಳಿವು, ನಾನೇ ಗಮನಿಸಿರಲಿಲ್ಲ. ಹಳೆಯ ಹೋಸ್ ಹಿಡಿದುಕೊಂಡು ಬಿಡಿಭಾಗಗಳ ಅಂಗಡಿಗಳಿರುವ ಜೆಸಿ ರಸ್ತೆಗೆ ಹೋದೆ, ಅಳತೆಗೆ ಹೊಂದುವುದು ಸಿಕ್ಕಿತು.

ಫ್ಲೂಯಿಡ್ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ, ಎಂಜಿಬಿಯ ರಿಲೀಸ್ ಬೇರಿಂಗ್ (ಪೆಡಲ್ ತುಳಿದಾಗ ಪ್ರೆಶರ್ ಪ್ಲೇಟನ್ನು ಒತ್ತುವ ಭಾಗ) ಕಾರ್ಬನ್‌ದು, ತುಳಿದಷ್ಟೂ ಸವೆಯುತ್ತದೆ.