ವಾದ ನಿಲ್ಲುತ್ತದೋ ಬೀಳುತ್ತದೋ? ಕೋಷ್ಟಕ ಹಾಕಿ ನೋಡಿ

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಬೆಳಿಗ್ಗೆ ತೋಟದ ಬೋರ್‌ವೆಲ್ ಮೋಟರ್ ಇದ್ದಕ್ಕಿದ್ದಂತೆ ನಿಂತಿತು. ‘ಕರೆಂಟು ಹೋಯ್ತು’ ಅಂದವರೇ ಚಿಕ್ಕಪ್ಪ ಟವೆಲ್ ಹಾಸಿಕೊಂಡು ತೆಂಗಿನ ಮರದ ಕೆಳಗೆ ಕೂತರು. ಒಂದೂವರೆ ಗಂಟೆ ಕಾದೆವು. ಕೊನೆಗೆ ಪಂಪ್‌ಹೌಸ್ ಬಾಗಿಲು ತೆಗೆದರೆ, ಬೋರ್ಡಿನ ಮೇಲೆ ಕೆಂಪು, ಹಳದಿ, ನೀಲಿ ಮೂರೂ ದೀಪ ಉರಿಯುತ್ತಿದ್ದವು! ಸ್ಟಾರ್ಟರ್ ಟ್ರಿಪ್ ಆಗಿತ್ತು, ಅಷ್ಟೇ.

ಚಿಕ್ಕಪ್ಪನ ಲೆಕ್ಕಾಚಾರ ಹೀಗಿತ್ತು: ಕರೆಂಟು ಹೋದರೆ ಮೋಟರ್ ನಿಲ್ಲುತ್ತದೆ. ಮೋಟರ್ ನಿಂತಿದೆ. ಆದ್ದರಿಂದ ಕರೆಂಟು ಹೋಗಿದೆ. ಕೇಳಿದರೆ ಸರಿಯಾಗೇ ಇದೆ ಅನಿಸುತ್ತದೆ, ಅಲ್ವಾ? ಇಂಥ ವಾದ ಸಿಂಧುವೋ (ಅಂದರೆ ಆಧಾರದ ಮಾತುಗಳು ಸರಿಯಿದ್ದರೆ ತೀರ್ಮಾನವೂ ಸರಿಯಾಗಲೇಬೇಕೋ) ಅಸಿಂಧುವೋ ಎಂದು ಖಚಿತವಾಗಿ ಹೇಳಲು ಸತ್ಯ ಕೋಷ್ಟಕ ಇದೆ: ಮಾತುಗಳು ಸರಿ ಅಥವಾ ತಪ್ಪಾಗುವ ಎಲ್ಲ ಸಾಧ್ಯತೆಗಳನ್ನೂ ಸಾಲುಸಾಲಾಗಿ ಬರೆಯುವ ಪಟ್ಟಿ. ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಮತ್ತು ಗಣಿತಜ್ಞ ಎಮಿಲ್ ಪೋಸ್ಟ್ ಇಬ್ಬರೂ 1921ರಲ್ಲಿ ಬೇರೆ ಬೇರೆಯಾಗಿ ಇದನ್ನು ಪ್ರಕಟಿಸಿದರು. ನಮಗೆ ಬೇಕಾದದ್ದು ಒಂದು ಹಾಳೆ, ಒಂದು ಪೆನ್ಸಿಲ್.

ಮೊದಲು, ಅಕ್ಷರ ಕೊಡಿ. ವಾದದಲ್ಲಿರುವ ಬಿಡಿ ಮಾತುಗಳನ್ನು ಹೆಕ್ಕಿ. ‘ಕರೆಂಟು ಹೋಗಿದೆ’ ಅನ್ನುವುದು ಕ. ‘ಮೋಟರ್ ನಿಂತಿದೆ’ ಅನ್ನುವುದು ಮ. ಈಗ ವಾದ ಇಷ್ಟಾಯಿತು: ಕ ಆದರೆ ಮ, ಮ, ಆದ್ದರಿಂದ ಕ. ಮೊದಲ ಎರಡು ಆಧಾರದ ಮಾತುಗಳು, ಕೊನೆಯದು ತೀರ್ಮಾನ.

ಆಮೇಲೆ ಸಾಲು ಹಾಕಿ. ಒಂದೊಂದು ಅಕ್ಷರವೂ ಸರಿ (ಸ) ಅಥವಾ ತಪ್ಪು (ತ) ಆಗಬಹುದು. ಎರಡು ಅಕ್ಷರಕ್ಕೆ 4 ಸಾಲು, ಮೂರಕ್ಕೆ 8, ನಾಲ್ಕಕ್ಕೆ 16. ಮೊದಲ ಕಂಬದಲ್ಲಿ ಸ, ಸ, ತ, ತ ಎಂದೂ ಎರಡನೆಯದರಲ್ಲಿ ಸ, ತ, ಸ, ತ ಎಂದೂ ಬರೆದರೆ ಯಾವ ಸಾಲೂ ಬಿಟ್ಟುಹೋಗುವುದಿಲ್ಲ.

ಈಗ ‘ಆದರೆ’ ಕಂಬ ತುಂಬಿ. ಎಲ್ಲರೂ ಎಡವುವುದು ಇಲ್ಲೇ, ಸ್ವಲ್ಪ ನಿಧಾನಿಸೋಣ. ‘ಪಾಸಾದರೆ ಸೈಕಲ್ ಕೊಡಿಸ್ತೀನಿ’ ಎಂದು ಅಮ್ಮ ಹೇಳಿದ್ದಾಳೆ ಅಂದುಕೊಳ್ಳಿ. ಅವಳು ಮಾತು ತಪ್ಪಿದಳು ಎಂದು ಯಾವಾಗ ಹೇಳಬಹುದು? ಮಗ ಪಾಸಾಗಿಯೂ ಸೈಕಲ್ ಬರದಿದ್ದಾಗ ಮಾತ್ರ. ಫೇಲಾದರೂ ಪಾಪ ಅಂತ ಸೈಕಲ್ ಕೊಡಿಸಿದರೆ ಅವಳ ಮಾತೇನೂ ಸುಳ್ಳಾಗಲಿಲ್ಲ. ಫೇಲಾದ, ಸೈಕಲ್ಲೂ ಬರಲಿಲ್ಲ ಅಂದರೂ ಸುಳ್ಳಾಗಲಿಲ್ಲ. ಹಾಗಾಗಿ ‘ಕ ಆದರೆ ಮ’ ತಪ್ಪಾಗುವುದು ಒಂದೇ ಕಡೆ: ಕ ಸರಿಯಿದ್ದು ಮ ತಪ್ಪಾದಾಗ.

ಸಾಲು | ಕ | ಮ | ಕ ಆದರೆ ಮ
1 | ಸ | ಸ | ಸ
2 | ಸ | ತ | ತ
3 | ತ | ಸ | ಸ
4 | ತ | ತ | ಸ

ಕೊನೆಗೆ, ಕೆಟ್ಟ ಸಾಲು ಹುಡುಕಿ. ಆಧಾರದ ಮಾತುಗಳೆಲ್ಲ ‘ಸ’ ಆಗಿದ್ದು ತೀರ್ಮಾನ ‘ತ’ ಆಗಿರುವ ಸಾಲು ಒಂದೇ ಒಂದು ಸಿಕ್ಕರೂ ಸಾಕು, ವಾದ ಬಿತ್ತು. ಮೂರನೇ ಸಾಲು ನೋಡಿ. ‘ಕ ಆದರೆ ಮ’ ಸರಿ, ಮ ಸರಿ, ಕ ಮಾತ್ರ ತಪ್ಪು. ಅಂದರೆ ಮೋಟರ್ ನಿಂತಿದೆ, ಕರೆಂಟು ಇದೆ. ಆ ಮೂರು ದೀಪ ಉರಿಯುತ್ತಿದ್ದದ್ದು ಇದೇ ಸಾಲಿನಲ್ಲಿ.

ಈಗ ಎರಡನೇ ಮಾತನ್ನು ಬದಲಿಸಿ. ಕರೆಂಟು ಹೋದರೆ ಮೋಟರ್ ನಿಲ್ಲುತ್ತದೆ. ಮೋಟರ್ ನಿಂತಿಲ್ಲ. ಆದ್ದರಿಂದ ಕರೆಂಟು ಹೋಗಿಲ್ಲ. ಎರಡೂ ಆಧಾರ ಸರಿಯಾಗುವುದು ನಾಲ್ಕನೇ ಸಾಲಿನಲ್ಲಿ ಮಾತ್ರ. ಅಲ್ಲಿ ಕ ತಪ್ಪು, ಹಾಗಾಗಿ ‘ಕರೆಂಟು ಹೋಗಿಲ್ಲ’ ಸರಿ. ಕೆಟ್ಟ ಸಾಲೇ ಇಲ್ಲ. ವಾದ ಸಿಂಧು.

ಒಂದು ಎಚ್ಚರಿಕೆ ಹೇಳಲೇಬೇಕು. ಕೋಷ್ಟಕ ನೋಡುವುದು ಮಾತುಗಳ ಜೋಡಣೆಯನ್ನು ಮಾತ್ರ. ತೋಟದಲ್ಲಿ ಜನರೇಟರ್ ಇದ್ದರೆ ‘ಕರೆಂಟು ಹೋದರೆ ಮೋಟರ್ ನಿಲ್ಲುತ್ತದೆ’ ಅನ್ನುವ ಮಾತೇ ಸುಳ್ಳು. ಅದು ಪಂಪ್‌ಹೌಸಿಗೆ ಹೋದರೆ ಗೊತ್ತಾಗುತ್ತದೆ, ಕೋಷ್ಟಕದಿಂದ ಗೊತ್ತಾಗುವುದಿಲ್ಲ. ‘ಎಲ್ಲ’, ‘ಕೆಲವು’ ಅನ್ನುವ ಪದಗಳ ಮೇಲೆ ನಿಂತ ವಾದಗಳಿಗೂ ಇದು ಸಾಲದು, ಅವಕ್ಕೆ ಬೇರೆ ವಿಧಾನ ಬೇಕು.

ಅಕ್ಷರ ಜಾಸ್ತಿಯಾದಾಗ ಎಲ್ಲ ಸಾಲನ್ನೂ ಸುಮ್ನೆ ತುಂಬುತ್ತಾ ಕೂರಬೇಡಿ. ತೀರ್ಮಾನ ‘ತ’ ಆಗುವ ಸಾಲುಗಳಿಗೆ ಗುರುತು ಹಾಕಿ, ಅವನ್ನಷ್ಟೇ ಪರೀಕ್ಷಿಸಿ. ಇದನ್ನು ಮಾಡಿ ನೋಡಿ: ಕರೆಂಟು ಹೋದರೆ ಮೋಟರ್ ನಿಲ್ಲುತ್ತದೆ. ಮೋಟರ್ ನಿಂತರೆ ತೊಟ್ಟಿ ತುಂಬುವುದಿಲ್ಲ. ತೊಟ್ಟಿ ತುಂಬಿದೆ. ಆದ್ದರಿಂದ ಕರೆಂಟು ಹೋಗಿಲ್ಲ. ಸಾಲು ಎಂಟು, ಗುರುತು ಬೀಳುವುದು ಕ ಸರಿಯಿರುವ ನಾಲ್ಕಕ್ಕೆ ಮಾತ್ರ. ಆ ನಾಲ್ಕರಲ್ಲೂ ಮೂರು ಆಧಾರಗಳಲ್ಲಿ ಒಂದಾದರೂ ತಪ್ಪು ಬರುತ್ತದೆ. ಬರದಿದ್ದರೆ ‘ಆದರೆ’ ಕಂಬವನ್ನು ಇನ್ನೊಮ್ಮೆ ನೋಡಿಕೊಳ್ಳಿ.